ಬೀಗರಿಗೆ ಸೀತನಿ

ರೋಣದ ಬಳೆಗಾರ ಮೋದಿನಸಾಬರು ಮೂವತ್ತು ವರ್ಷ ಊರೂರು ತಿರುಗಿ ಬಳೆ ಇಟ್ಟು, ಎರಡು ಸಾವಿರದ ನಾಲ್ಕರ ಡಿಸೆಂಬರಿನಲ್ಲಿ ಬೆಳವಣಕಿಯ ಮಲ್ಲೇಶಪ್ಪನಿಂದ ನಾಲ್ಕೆಕರೆ ಎರೆಹೊಲ ಕೊಂಡರು. ಕೊಂಡದ್ದು ಹೊಟ್ಟೆಗಾಗಿ ಅಲ್ಲ, ಬೀಗರಿಗಾಗಿ. ಮಗಳ ಮಾವ, ಕೊಣ್ಣೂರಿನ ಟಿಪ್ಪುಸಾಬರು ಹೊಳೆದಂಡೆಯ ರೈತರು. "ಬಳಿಗಾರಗ ಮಣ್ಣಿನ ವಾಸನಿ ಏನ್ ಗೊತ್ತರಿ" ಎಂದು ಮದುವೆಯ ಚಪ್ಪರದಲ್ಲೇ ನಕ್ಕಿದ್ದರು. ಆ ಮಾತು ಇವರಿಗೆ ಇನ್ನೂ ಉರಿಯುತ್ತಿತ್ತು. ಕಾಗದ ಕೈಗೆ ಬಂದದ್ದೇ ತಡ, "ಬರೂ ಐತವಾರ ನಮ್ಮ ಹೊಲಕ್ಕ ಸೀತನಿ ತಿನ್ನಾಕ ಬರ್ರಿ" ಎಂದು, ಹಸಿ ಜೋಳದ ತೆನೆ ಸುಟ್ಟು ತಿನ್ನುವ ಊಟಕ್ಕೆ, ಬೀಗರಿಗೆ ಫೋನು ಮಾಡಿಬಿಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಇದೇ.

ಗುರುವಾರ ಹೋಗಿ ನೋಡಿದರೆ ಜೋಳ ಹಾಲುಗಾಳು ತುಂಬಿ ನಿಂತಿತ್ತು, ಬದುವಿನ ಮೇಲೆ ಕವಣೆ ಹಿಡಿದು ಹೊಳೆವ್ವ ನಿಂತಿದ್ದಳು. ಮಲ್ಲೇಶಪ್ಪ ಆ ಹೊಲವನ್ನು ಆಕೆಗೆ ಲಾವಣಿಗೆ, ಅಂದರೆ ವರ್ಷದ ಗುತ್ತಿಗೆಗೆ, ಕೊಟ್ಟಿದ್ದ. ಮಾರುವಾಗ ಪುಣ್ಯಾತ್ಮ ಅದೊಂದನ್ನು ಹೇಳಿರಲಿಲ್ಲ.

ಮೋದಿನಸಾಬರು ಪ್ಲಾಸ್ಟಿಕ್ ಚೀಲದಿಂದ ಹೊಲದ ಕಾಗದ, ಉತಾರ, ತೆಗೆದರು. "ಇದರಾಗ ನಿನ್ನ ಹೆಸರ ಇಲ್ಲಲ್ಲ ಹೊಳೆವ್ವಾ."

"ಉತಾರ ನೋಡಿ ಜ್ವಾಳ ತೆನಿ ಹಿಡದಿಲ್ರಿ ಸಾಬ್ರ. ಲಾವಣಿ ಅಂದ್ರ ಯುಗಾದಿಯಿಂದ ಯುಗಾದಿಗೆ. ಅಲ್ಲೀತನಾ ಬೆಳಿ ನಂದು."

"ಹೊಲ ನಂದಾದ ಮ್ಯಾಲೆ ಬೆಳಿ ಹ್ಯಾಂಗ ನಿಂದು?"

ಹೊಳೆವ್ವ ಎರಡೂ ಕೈ ಮುಂದೆ ಚಾಚಿದಳು. "ಈ ಬಳಿ ನೀವ ಇಟ್ಟೀರಿ. ನಾಳಿ ನಿಮ್ಮ ಬಳಿ ಗಂಟ ಮಾರಿದ್ರ, ಕೊಂಡಾಂವ ಬಂದು ನನ್ನ ಕೈಯಾನ ಬಳಿ ಬಿಚ್ಚಿಕೊಡು ಅಂದ್ರ ನಡೀತದೇನ್ರಿ?"

ಬಳೆಗಾರನಿಗೇ ಬಳೆಯ ನ್ಯಾಯ! ಉತಾರ ಮಡಚಿಕೊಂಡು ಮನೆಗೆ ಬಂದರು. "ಬೀಗ್ರಿಗೆ ಬರಬ್ಯಾಡ್ರಿ ಅಂತ ಹೇಳ್ರಿ" ಎಂದಳು ಹೆಂಡತಿ ರಾಜಮಾ. ಅದಕ್ಕಿಂತ ಸಾಯುವುದು ಲೇಸೆನಿಸಿತು ಅವರಿಗೆ.

ಐತವಾರ ಬೆಳಿಗ್ಗೆ ರೋಣದ ಪೇಟೆಯಲ್ಲಿ ಒಂದು ಚೀಲ ಹಸಿ ತೆನೆ ಕೊಂಡು, ತಮ್ಮದೇ ಹೊಲದ ಮೂಲೆಗೆ ಕಳ್ಳರ ಹಾಗೆ ತಂದಿಟ್ಟರು. ಬೀಗರು ಬಂದರು. ಸೆಗಣಿ ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟರು, ಶೇಂಗಾ ಚಟ್ನಿ ಬಡಿಸಿದರು. ಟಿಪ್ಪುಸಾಬರು ಒಂದು ತೆನೆ ತಿಕ್ಕಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ನಿಂತ ಬೆಳೆಯನ್ನೊಮ್ಮೆ ನೋಡಿದರು.

"ಬೀಗ್ರ, ಅಲ್ಲಿ ನಿಂತಿರೂ ತೆನಿ ಬಿಗಿ ಅದಾವು, ಇವು ಸಡಲ ಅದಾವು. ನಿಮ್ಮ ಹೊಲದಾಗ ಕುಂತು ಯಾರ ಹೊಲದ ಸೀತನಿ ತಿನ್ನಾಕ ಹತ್ತೇವ್ರಿ?"

ರಾಜಮಾ ಸೆರಗು ಬಾಯಿಗಿಟ್ಟುಕೊಂಡಳು. ಅಷ್ಟರಲ್ಲಿ ಹೊಗೆ ಕಂಡು ಹೊಳೆವ್ವನೂ ಬಂದು ನಿಂತಳು. ಸುಳ್ಳು ಹೇಳಲು ಇನ್ನು ಜಾಗವೇ ಉಳಿಯಲಿಲ್ಲ. ಮೋದಿನಸಾಬರಿಗೆ ನಾಚಿಕೆಯಿಂದ ಕಣ್ಣು ತುಂಬಿತು.

"ಹೊಲ ನಂದರಿ, ಬೆಳಿ ಈಕಿದು. ಈ ತೆನಿ ಪ್ಯಾಟ್ಯಾಗ ತಂದೀನಿ" ಎಂದರು.

ಹೊಳೆವ್ವ ಜೋಳದೊಳಗೆ ಹೊಕ್ಕಳು. ಸ್ವಲ್ಪ ಹೊತ್ತಿಗೆ ಉಡಿ ತುಂಬ ತೆನೆ ತಂದು ಕೆಂಡದ ಪಕ್ಕ ಸುರುವಿದಳು.

"ಅವತ್ತ ಇಲ್ಲ ಅಂದಿದ್ದೆಲ್ಲ?" ಮೋದಿನಸಾಬರು ಕೇಳಿದರು.

"ಸೀತನಿ ಬೇಡಿ ಬಂದಾವ್ರಿಗೆ ಇಲ್ಲ ಅನ್ನೂದು ನಮ್ಮೂರಾಗ ಇಲ್ರಿ ಸಾಬ್ರ. ನೀವೆಲ್ಲಿ ಬೇಡಿದ್ರಿ? ಕಾಗದ ತೋರಿಸಿದ್ರಿ."

ಟಿಪ್ಪುಸಾಬರು ಬಿಗಿ ತೆನೆ ತಿಕ್ಕಿ ತಿಂದು ತಲೆದೂಗಿದರು. ಕೈ ಒರೆಸಿಕೊಳ್ಳುತ್ತ ಕೇಳಿದರು, "ಯುಗಾದಿ ಆದ ಮ್ಯಾಲೆ ಹೊಲ ಯಾರು ಮಾಡ್ತಾರ್ರಿ ಬೀಗ್ರ?"

ಮೀಸೆಗೆ ಅಂಟಿದ ಹೊಟ್ಟು ಒರೆಸಿಕೊಳ್ಳುವುದನ್ನೂ ಮರೆತು ಮೋದಿನಸಾಬರು ಹೇಳಿದರು:

"ಹೊಳೆವ್ವನ್ನ ಬೇಡಿ ನೋಡ್ತೀನ್ರಿ."