ದುಗ್ಗಮ್ಮನ ಹೊಟ್ಟೆಯ ಕಲ್ಲು

ನಾನು ಒಂದು ಮಚವೆ. ದೋಣಿ ಅಂತ ಕರೆದರೆ ನನಗೆ ಸಿಟ್ಟು ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ದೋಣಿಯೆಂದರೆ ಹೊಳೆ ದಾಟಿಸುವಂಥದ್ದು. ನಾನು ಹಾಯಿ ಏರಿಸಿಕೊಂಡು, ಹೊಟ್ಟೆ ತುಂಬ ಹಂಚು ಹೊತ್ತು, ಮುಂಬಯಿ ತನಕ ಹೋಗಿ ಬಂದವಳು. ಈಗ ಗಂಗೊಳ್ಳಿಯ ಹೊಳೆದಂಡೆಯ ಮರಳಲ್ಲಿ ಪಕ್ಕಕ್ಕೆ ವಾಲಿಕೊಂಡು ಬಿದ್ದಿದ್ದೇನೆ. ಏಡಿಗಳು ನನ್ನೊಳಗೆ ಸಂಸಾರ ಹೂಡಿವೆ. ಬಾಡಿಗೆ ಕೇಳುವ ಹಾಗಿಲ್ಲ.

ಹುಟ್ಟಿದ್ದೂ ಇದೇ ದಂಡೆಯಲ್ಲಿ. ಹೆಬ್ಬಲಸಿನ ಮರ ಕೊಯ್ದು, ಹಲಗೆಗೆ ಹಲಗೆ ಕೂರಿಸಿ, ಸಂದಿಗೆ ಹತ್ತಿ ತುರುಕಿ, ಮೈಗೆಲ್ಲ ಮೀನೆಣ್ಣೆ ಬಳಿದು ಆಚಾರಿ ನನ್ನನ್ನು ಎಬ್ಬಿಸಿ ನಿಲ್ಲಿಸಿದ. ಆ ವಾಸನೆಗೆ ಕೇರಿಯ ನಾಯಿಗಳೆಲ್ಲ ಸುತ್ತ ಬಂದು ಕೂತವು. ನನ್ನನ್ನು ಮಾಡಿಸಿದವನು ಹೆರಿಯ ತಂಡೇಲ. ತಂಡೇಲನೆಂದರೆ ಚುಕ್ಕಾಣಿ ಹಿಡಿಯುವ ಯಜಮಾನ. ಸತ್ತುಹೋದ ತಾಯಿಯ ಹೆಸರನ್ನೇ ನನಗಿಟ್ಟ, ದುಗ್ಗಮ್ಮ ಅಂತ. ಹುಟ್ಟಿದ ದಿನವೇ ಮುದುಕಿಯ ಹೆಸರು ಹೊತ್ತವಳು ನಾನು.

ಮಚವೆಯ ಹೊಟ್ಟೆ ಬರೀ ಖಾಲಿ ಇದ್ದರೆ ಅದು ನೀರ ಮೇಲೆ ನೆಟ್ಟಗೆ ನಿಲ್ಲುವುದಿಲ್ಲ, ಗಾಳಿ ಬಂದ ಕಡೆ ಬೀಳುತ್ತದೆ. ಅದಕ್ಕೇ ತಳದಲ್ಲಿ ಕಲ್ಲು ಇಡುತ್ತಾರೆ. ಹೆರಿಯನೂ ಅವನ ತಮ್ಮ ಶೀನನೂ ಹೊಳೆಯ ಉರುಟು ಕಲ್ಲುಗಳನ್ನು ಹೊತ್ತು ತಂದು, ಅರ್ಧವನ್ನು ಹಿಂಬದಿಯಲ್ಲಿ, ಇನ್ನರ್ಧವನ್ನು ಮುಂಬದಿಯಲ್ಲಿ ಜೋಡಿಸಿ ಮೇಲೆ ಹಲಗೆ ಮುಚ್ಚಿದರು. ಆ ಕಲ್ಲುಗಳ ಮೇಲೆ ನಾನು ಸಮಾಧಾನದಲ್ಲಿದ್ದೆ.

ಮಳೆಗಾಲ ಮುಗಿದು ಸಮುದ್ರಪೂಜೆಯಾದ ಮೇಲೆ ಹೊರಟರೆ ಮುಂದಿನ ಮಳೆಯ ತನಕ ನಾನೇ ಅವರಿಗೆ ಮನೆ. ಮರಳು ತುಂಬಿದ ಪೆಟ್ಟಿಗೆಯ ಮೇಲೆ ಒಲೆ, ಒಲೆಯ ಮೇಲೆ ಗಂಜಿ. ಉಪ್ಪುನೀರಲ್ಲಿ ಮಿಂದು ಮಿಂದು ಅವರ ಚರ್ಮ ಬಿರಿಯುತ್ತಿತ್ತು. ಪೀಪಾಯಿಯ ಕುಡಿಯುವ ನೀರಲ್ಲಿ ಹುಳ ಬಿದ್ದರೆ ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದರು. ಹಾಗಂತ ಬರೀ ಕಷ್ಟವೇ ಅಂದರೆ ಸುಳ್ಳಾಗುತ್ತದೆ. ಹದವಾದ ಗಾಳಿ ಹಾಯಿಗೆ ತುಂಬಿ ನಾನು ನೀರು ಸೀಳಿಕೊಂಡು ಹೊರಟೆನೆಂದರೆ ಶೀನ ನನ್ನ ಮೂತಿಯ ಮೇಲೆ ಕಾಲು ಇಳಿಬಿಟ್ಟು ಕೂತು ಹಾಡುತ್ತಿದ್ದ. ರಾಗವೂ ಇಲ್ಲ, ತಾಳವೂ ಇಲ್ಲ, ಗಂಟಲು ಮಾತ್ರ ಇತ್ತು. ಹೆರಿಯ ಚುಕ್ಕಾಣಿಯಲ್ಲೇ ಕೂತು ಬಾಯಿ ಮುಚ್ಚಲು ಹೇಳುತ್ತಿದ್ದ, ಅವನು ಮುಚ್ಚಿದರೆ ಯಾಕೆ ನಿಲ್ಲಿಸಿದೆ ಅನ್ನುತ್ತಿದ್ದ. ತಮ್ಮನೆಂದರೆ ಅವನಿಗೆ ಅಷ್ಟು ಜೀವ.

ವರ್ಷದ ಕೊನೆಯ ಪಯಣದಲ್ಲಿ ಪಂದ್ಯವಿರುತ್ತಿತ್ತು. ಸರಕು ಇಳಿಸಿ ಮರಳುವ ಮಚವೆಗಳೆಲ್ಲ ಕಾರವಾರದ ನಡುಗಡ್ಡೆಯ ಮರೆಯಲ್ಲಿ ಸೇರಿ ಒಟ್ಟಿಗೆ ಹೊರಡಬೇಕು. ಹೊಳೆ ಸಮುದ್ರ ಸೇರುವ ಗಂಗೊಳ್ಳಿ ಅಳಿವೆಯನ್ನು ಮೊದಲು ದಾಟಿದ ಮಚವೆಯ ಮೂತಿಗೆ ಅದರ ಯಜಮಾನನ ಮನೆಯ ಹೆಂಗಸು ಅಬ್ಬಲಿಗೆ ಮಾಲೆ ಹಾಕುತ್ತಾಳೆ. ಮುಂದಿನ ವರ್ಷ ಆ ಮಚವೆಯದೇ ಮೊದಲ ಹಾಯಿ. ನಮಗೆ ಒಂದು ಸಲವೂ ಸಿಕ್ಕಿರಲಿಲ್ಲ. ಹೆರಿಯನ ಹೆಂಡತಿ ತೀರಿಕೊಂಡಿದ್ದಳು, ಹಾಗಾಗಿ ಮನೆಯಲ್ಲಿದ್ದ ಹೆಂಗಸು ಶೀನನ ಹೆಂಡತಿ ಅಕ್ಕಣಿ ಒಬ್ಬಳೇ. ಪ್ರತಿ ವರ್ಷವೂ ಮಾಲೆ ಕಟ್ಟಿಕೊಂಡು ದಂಡೆಗೆ ಬಂದು, ಬಾಡಿದ್ದನ್ನು ಸೆರಗಲ್ಲಿ ಮುಚ್ಚಿಕೊಂಡು ವಾಪಸು ಹೋಗುತ್ತಿದ್ದಳು. ಅದನ್ನು ಕಂಡ ಅಣ್ಣ ತಮ್ಮ ಇಬ್ಬರೂ ಮುಂದಿನ ವರ್ಷ ನೋಡುವ ಅನ್ನುತ್ತಿದ್ದರು.

ಆ ವರ್ಷ ನಡುಗಡ್ಡೆಯಲ್ಲಿ ಲಂಗರು ಹಾಕಿದ ಮಧ್ಯಾಹ್ನ ಶೀನನೂ ಹಾಯಿ ಎಳೆಯುವ ಆಳುಗಳಾದ ಖಲಾಸಿಗಳೂ ನೀರು ತುಂಬಿಸಲು ಹೋದರು. ಹೆರಿಯ ಒಬ್ಬನೇ ಇದ್ದ. ಹಿಂಬದಿಯ ಹಲಗೆ ಎತ್ತಿ, ಕಲ್ಲುಗಳನ್ನು ಒಂದೊಂದಾಗಿ ಸದ್ದಾಗದ ಹಾಗೆ ನೀರಿಗೆ ಇಳಿಸಿದ. ಮುಂಬದಿಯದನ್ನು ಮುಟ್ಟಲಿಲ್ಲ. ಅರ್ಧ ಕಲ್ಲಿದ್ದರೂ ನಾನು ನಿಲ್ಲುತ್ತೇನೆಂದು ಅವನಿಗೆ ಗೊತ್ತಿತ್ತು, ಆ ಲೆಕ್ಕ ಸರಿಯೇ. ಹಗುರಾದರೆ ಓಟ ಹೆಚ್ಚು.

ಸಂಜೆ ಹೆರಿಯ ಪಕ್ಕದ ಮಚವೆಗೆ ಊಟಕ್ಕೆ ಹೋದ. ಖಲಾಸಿಗಳು ಹಾಯಿಯ ಮೇಲೆ ಮಲಗಿ ನಿದ್ದೆ ಹೋಗಿದ್ದರು. ಶೀನ ಮೆಲ್ಲಗೆ ಮುಂಬದಿಯ ಹಲಗೆ ಎತ್ತಿದ.

ಬೇಡ ಮಗಾ ಅಂತ ನಾನು ಇದ್ದ ಹಲಗೆಗಳನ್ನೆಲ್ಲ ಕಿರುಗುಟ್ಟಿಸಿದೆ. ಮಚವೆ ಕಿರುಗುಟ್ಟಿದರೆ ಯಾರು ಕೇಳುತ್ತಾರೆ? ಅದು ದಿನಾ ಕಿರುಗುಟ್ಟುವುದೇ. ಅಣ್ಣ ಹಿಂಬದಿ ಖಾಲಿ ಮಾಡಿದ್ದು ಅವನಿಗೆ ಗೊತ್ತಿಲ್ಲ. ತಾನು ಅರ್ಧವನ್ನಷ್ಟೇ ತೆಗೆಯುತ್ತಿದ್ದೇನೆಂಬ ನಂಬಿಕೆಯಲ್ಲಿ ಮುಂಬದಿಯ ಅಷ್ಟನ್ನೂ ತೆಗೆದುಬಿಟ್ಟ.

ಬೆಳಿಗ್ಗೆ ಒಂದು ಮಾತಾಡಿದ್ದರೆ ಸಾಕಿತ್ತು. ಆದರೆ ನಮ್ಮವರ ಕಟ್ಟು ನೋಡಿ: ಪಂದ್ಯಕ್ಕೆ ಕಾಯಿ ಒಡೆದ ಮೇಲೆ ಅಳಿವೆ ದಾಟುವ ತನಕ ಕಲ್ಲು, ಭಾರ, ಮುಳುಗು ಎಂಬ ಮಾತು ಯಾರ ಬಾಯಲ್ಲೂ ಬರಬಾರದು. ತಳದ ಹಲಗೆ ಎತ್ತಿ ನೋಡಲೂ ಬಾರದು. ಸಮುದ್ರ ಕೇಳಿಸಿಕೊಳ್ಳುತ್ತದಂತೆ. ಸಮುದ್ರಕ್ಕೆ ಬೇರೆ ಕೆಲಸವಿಲ್ಲವೇ? ಆದರೂ ಇಬ್ಬರೂ ಬಾಯಿ ಬಿಗಿದುಕೊಂಡು ಹಾಯಿ ಏರಿಸಿದರು.

ಅವತ್ತಿನ ಓಟವನ್ನು ನಾನು ಮರೆಯಲಾರೆ. ಬಡಗಣ ಗಾಳಿ ಬೆನ್ನಿಗಿತ್ತು, ಹಾಗಾಗಿ ಕಲ್ಲಿಲ್ಲದೆಯೂ ವಾಲದೆ ಓಡಿದೆ. ಒಂದೊಂದೇ ಮಚವೆ ಹಿಂದೆ ಬಿತ್ತು. ಶೀನ ಕೇಕೆ ಹಾಕಿ ಹಾಡಿದ, ಹೆರಿಯ ಬಾಯಿ ಮುಚ್ಚು ಅನ್ನಲಿಲ್ಲ. ನನಗೋ ಭಯದಲ್ಲಿ ಜೀವ ಬಾಯಿಗೆ ಬಂದಿತ್ತು, ಹಾಗಿದ್ದೂ ಒಳಗೊಳಗೇ ಖುಷಿಯೂ ಆಗುತ್ತಿತ್ತು. ಗಂಗೊಳ್ಳಿಯ ದಂಡೆ ಕಂಡಿತು. ಮುಂದೆ ನಿಂತಿದ್ದ ಅಕ್ಕಣಿಯ ಕೈಯಲ್ಲಿ ಕೆಂಪಗೆ ಮಾಲೆ ಕಂಡಿತು.

ಅಳಿವೆಯ ಬಾಯಲ್ಲಿ ತೆಂಕಣದಿಂದ ಮಳೆಗಾಳಿ ಒಂದೇ ಸಲ ನುಗ್ಗಿತು. ಕಲ್ಲಿದ್ದಿದ್ದರೆ ಬಾಗಿ ಏಳುತ್ತಿದ್ದೆ. ಬಾಗಿದೆ, ಏಳಲಿಲ್ಲ. ಹೆರಿಯನೂ ಖಲಾಸಿಗಳೂ ಈಜಿ ದಡ ಸೇರಿದರು. ಶೀನ ಒದ್ದೆ ಹಾಯಿಯ ಅಡಿಯಲ್ಲಿ ಸಿಕ್ಕಿಕೊಂಡ. ಎಲ್ಲ ಸೇರಿ ಹಾಯಿ ಎಳೆಯುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ. ಆ ಮಾಲೆಯನ್ನು ಅಕ್ಕಣಿ ಎಲ್ಲಿ ಹಾಕಿದಳೆಂದು ನಾನು ಬಾಯಿಬಿಟ್ಟು ಹೇಳಲಾರೆ.

ನನ್ನ ಹೊಟ್ಟೆಯಲ್ಲಿ ಒಂದು ಕಲ್ಲೂ ಇರಲಿಲ್ಲ. ಮಗುಚಿದಾಗ ಚೆಲ್ಲಿಹೋದವು ಅಂದುಕೊಂಡರು. ಹೆರಿಯ ಮಾತ್ರ ಊರವರೆದುರು ನಿಂತು, ಕಲ್ಲು ತೆಗೆದವನು ನಾನು, ತಮ್ಮನನ್ನು ಕೊಂದವನು ನಾನು ಅಂದ. ಅಕ್ಕಣಿ ಬಾಗಿಲ ಹಿಂದೆ ನಿಂತು ಕೇಳಿದಳು, ತುಟಿ ಬಿಚ್ಚಲಿಲ್ಲ. ಗಂಡನ ಅಣ್ಣನೆದುರು ನಿಂತು ಮಾತಾಡುವ ರೂಢಿಯೂ ಆಗ ಇರಲಿಲ್ಲ. ಅದೇ ಮನೆಯಲ್ಲಿ ಅವನಿಗೆ ಅನ್ನ ಬಡಿಸಿಟ್ಟು ಒಳಗೆ ಹೋಗುತ್ತಿದ್ದಳು. ಹೆರಿಯ ಮತ್ತೆ ಚುಕ್ಕಾಣಿ ಮುಟ್ಟಲಿಲ್ಲ.

ನನ್ನನ್ನು ಭಟ್ಕಳದ ಸಾಯ್ಬರು ಕೊಂಡರು, ಅವರಲ್ಲಿ ಉಪ್ಪು ಹೊತ್ತೆ. ಲಾರಿಗಳು ಬಂದವು, ಇಂಜಿನ್ ಬೋಟುಗಳು ಬಂದವು, ಹಾಯಿ ಯಾರಿಗೆ ಬೇಕು? ಕಂಬ ಕಿತ್ತು ಮರಳು ಸಾಗಿಸಲು ಇಟ್ಟುಕೊಂಡರು. ಕೊನೆಗೆ ತಳ ತೂತಾಗಿ, ಒಡೆದು ಸೌದೆ ಮಾಡುವ ಮಾತು ಬಂದಾಗ, ತಲೆ ನೆರೆತ ಮುದುಕನೊಬ್ಬ ಬಂದು ತನಗೆ ಬೇಕೆಂದು ಕೈಮುಗಿದ. ಹೆರಿಯನೆಂದು ಗುರುತು ಹತ್ತಲು ನನಗೇ ಸ್ವಲ್ಪ ಹೊತ್ತಾಯಿತು.

ಗಂಗೊಳ್ಳಿಯ ಈ ದಂಡೆಗೆ ನನ್ನನ್ನು ಎಳೆಸಿ ತಂದ. ಅಂದಿನಿಂದ ದಿನಕ್ಕೊಂದು ಉರುಟು ಕಲ್ಲನ್ನು ಹೊಳೆಯಿಂದ ಹೊತ್ತು ತಂದು ನನ್ನ ಹೊಟ್ಟೆಯಲ್ಲಿ ಇಡತೊಡಗಿದ. ಮರಳಲ್ಲಿ ಬಿದ್ದವಳಿಗೆ ಕಲ್ಲು ಎಂತಕ್ಕೆ ಮಾರಾಯ? ಊರವರು ಮುದುಕನಿಗೆ ಮರುಳು ಅಂದರು. ಹಿಂಬದಿ ತುಂಬಿತು. ಮುಂಬದಿಗೆ ಮೊದಲ ಕಲ್ಲು ಹೊತ್ತು ತಂದ ದಿನ ಅಕ್ಕಣಿ ಅವನ ಹಿಂದೆಯೇ ಬಂದಳು. ಅವಳ ತಲೆಯೂ ಬೆಳ್ಳಗಾಗಿತ್ತು. ಅವನೆದುರಿಗೇ ನಿಂತಳು.

"ಮುಂಬದಿದ್ ನಿಮ್ದಲ್ಲ ಭಾವ. ಅದನ್ನ್ ತೆಗ್ದದ್ದ್ ನಿಮ್ಮ ತಮ್ಮ. ಈ ಸಲ ಕಲ್ಲ್ ತೆಗಿತೆ ಅಂತ ಹೊರಡುವಾಗ ನನ್ನ ಹತ್ರ ಹೇಳಿಯೇ ಹೋಯಿದ್ರ್."

ಹೆರಿಯನ ಕೈಯಿಂದ ಕಲ್ಲು ಜಾರಿ ಮರಳಿಗೆ ಬಿತ್ತು.  ಅಕ್ಕಣಿಯೇ ಬಗ್ಗಿ ಆ ಕಲ್ಲನ್ನು ಎತ್ತಿಕೊಂಡಳು. ಹಿಂಬದಿಗೂ ಅಲ್ಲ, ಮುಂಬದಿಗೂ ಅಲ್ಲ, ನಡುವೆ ಒಂದು ಕಡೆ ಇಟ್ಟಳು.

"ಇದ್ ನಂದ್. ಈ ವರ್ಷ ಮಾಲೆ ಹಾಕುದ್ ನಾನೇ ಆಯ್ಕ್ ಅಂತ ಹಟ ಹಿಡ್ದೋಳ್ ನಾನ್."

ಕತ್ತಲಾಗುವ ತನಕ ಇಬ್ಬರೂ ನನ್ನ ಅಂಚಿನ ಮೇಲೆ ಕೂತು ಅತ್ತರು. ಮರುದಿನದಿಂದ ಹೆರಿಯ ಕಲ್ಲು ತರುವುದನ್ನು ನಿಲ್ಲಿಸಿದ. ಸುಮ್ಮನೆ ಬಂದು ಕೂತು ಹೋಗುತ್ತಾನೆ. ನನ್ನ ಮುಂಬದಿ ಖಾಲಿಯಾಗಿಯೇ ಇದೆ, ಹಿಂಬದಿಯಲ್ಲಿ ಕಲ್ಲಿದೆ. ಅರ್ಧ ಹೊಟ್ಟೆ. ಇಷ್ಟಿದ್ದರೆ ನಾನು ಅವತ್ತು ಅಳಿವೆ ದಾಟುತ್ತಿದ್ದೆ.