ಗುಂಡಿಯಮ್ಮ ಬಿಚ್ಚಿಟ್ಟ ಬೆಲ್ಟು

ಮನೆಯಲ್ಲಿ ಒಬ್ಬಳು ಬಸುರಿಯಾದರೆ ಸಾಕು, ಬೀದಿಗೆ ಬೀದಿಯೇ ಡಾಕ್ಟರಾಗಿಬಿಡುತ್ತದೆ. ಏಳಬೇಡ, ಬಗ್ಗಬೇಡ, ನಡೀಬೇಡ. ಹೇಳುವವರಿಗೇನು, ಹೇಳಿ ಹೋಗುತ್ತಾರೆ. ಗುಂಡಿಯಮ್ಮನ ಮನೆಯಲ್ಲಿ ಮಾತ್ರ ಬೀದಿಯವರಿಗೆ ಆ ಕೆಲಸವೇ ಉಳಿಯಲಿಲ್ಲ. ಎಲ್ಲ ಬೇಡಗಳನ್ನೂ ಅವಳೊಬ್ಬಳೇ ಹೇಳಿ ಮುಗಿಸಿದ್ದಳು.

ಮನೆಯ ಮುಂದಿನ ಕೋಣೆಯೇ ಅವರ ಟೈಲರ್ ಅಂಗಡಿ. ಹೊಲಿಯುವುದೆಲ್ಲ ಶಾಲೆ ಮಕ್ಕಳ ಯೂನಿಫಾರ್ಮ್. ಮಗ ಬಟ್ಟೆ ಕತ್ತರಿಸುತ್ತಾನೆ, ಸೊಸೆ ಮೆಷಿನ್ ತುಳಿಯುತ್ತಾಳೆ, ಅತ್ತೆ ಕಾಜಾ ಮಾಡಿ ಗುಂಡಿ ಹಚ್ಚುತ್ತಾಳೆ. ಮೂವತ್ತು ವರ್ಷ ಗುಂಡಿ ಹಚ್ಚಿ ಹಚ್ಚಿ ಅವಳಿಗೆ ಆ ಹೆಸರೇ ನಿಂತುಹೋಯಿತು. ಅವಳ ಸೂಜಿಗಿಂತ ಬಾಯಿ ಚುರುಕು. ಸೊಸೆಯೋ, ಹತ್ತು ಮಾತು ಕೇಳಿದರೆ ಒಂದಕ್ಕೆ ತಲೆಯಾಡಿಸುವವಳು.

ಸೊಸೆ ಬಸುರಿ ಎಂದು ಗೊತ್ತಾದ ದಿನವೇ ಗುಂಡಿಯಮ್ಮ ಮೆಷಿನ್ನಿನ ಬೆಲ್ಟು ಬಿಚ್ಚಿದಳು. ಸುತ್ತಿ ತನ್ನ ದಿಂಬಿನ ಕೆಳಗೆ ಇಟ್ಟುಕೊಂಡಳು.

"ಅತ್ತೆ, ಬೆಲ್ಟು?" ಎಂದಳು ಸೊಸೆ.

"ಮಗು ನಿನ್ನ ಕೈಗೆ ಬಂದ ದಿನ ಬೆಲ್ಟೂ ಬರುತ್ತೆ. ಅಲ್ಲೀವರೆಗೂ ಮಂಚ ಇಳಿದೆಯೋ, ನೋಡು ಮತ್ತೆ!"

ಸೊಸೆ ಹೋಗಿ ಮಲಗಿದಳು.

ಗುಂಡಿಯಮ್ಮನದು ಸುಮ್ಮನೆ ಹಟವಲ್ಲ. ಎರಡು ವರ್ಷದ ಹಿಂದೆ ಸೊಸೆಗೆ ಮೂರು ತಿಂಗಳಾದಾಗ ಗರ್ಭ ನಿಲ್ಲಲಿಲ್ಲ. ಅದೇ ವಾರ ಇವಳು, "ಈ ಬಟ್ಟೆ ಗಂಟು ಮಹಡಿ ಮೇಲೆ ಇಟ್ಟು ಬಾರೇ" ಎಂದಿದ್ದಳು. ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಯಾರಿಗೂ ಹೇಳಿರಲಿಲ್ಲ. ಈ ಸಲ ಏನಾದರೂ ಆದರೆ ತಾನು ಬದುಕಿದ್ದೂ ದಂಡ ಅಂದುಕೊಂಡಿದ್ದಳು.

ಎರಡು ತಿಂಗಳು ಕಳೆಯಿತು. ಸೊಸೆಗೆ ಮಲಗಿ ಮಲಗಿ ಸೊಂಟ ನೋವು, ಮಲಬದ್ಧತೆ, ನಿದ್ದೆ ದೂರ. ಮುಖದ ಕಳೆಯೇ ಹೋಯಿತು. ಒಂದು ಮಧ್ಯಾಹ್ನ ಅವಳು ಗೋಡೆ ಕಡೆ ತಿರುಗಿ ಅಳುವುದು ಕೇಳಿಸಿತು. ಗುಂಡಿಯಮ್ಮ ಸೂಜಿ ಅಲ್ಲೇ ಚುಚ್ಚಿಟ್ಟು, ಚಪ್ಪಲಿ ಮೆಟ್ಟಿ, ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಕರೆದುಕೊಂಡೇ ಬಂದಳು.

ನರ್ಸಮ್ಮ ಬಿಪಿ ನೋಡಿದರು, ರಕ್ತದ ವರದಿ, ಸ್ಕ್ಯಾನ್ ವರದಿ ಓದಿದರು, ಡಾಕ್ಟರಿಗೆ ಫೋನ್ ಮಾಡಿ ಕೇಳಿದರು.

"ಎಲ್ಲ ಸರಿಯಾಗಿದೆ. ಇವಳನ್ನ ಮಲಗಿಸಿಟ್ಟಿದ್ದು ಯಾರು?"

"ನಾನೇ."

"ಡಾಕ್ಟರು ಹೇಳಿದ್ರಾ?"

"ಅವರನ್ನ ಕೇಳೋದೇನು! ಇಷ್ಟು ವಯಸ್ಸಾಯ್ತು, ನನಗೆ ಗೊತ್ತಿಲ್ವಾ?"

ನರ್ಸಮ್ಮ ನಕ್ಕರು. "ನೋಡೀಮ್ಮ, ಕೆಲವರಿಗೆ ನಾವೇ ವ್ಯಾಯಾಮ ಬೇಡ ಅಂತೀವಿ. ರಕ್ತ ಹೋಗ್ತಿದ್ರೆ, ಬಿಪಿ ಜಾಸ್ತಿ ಇದ್ರೆ, ಮಾಸು ಕೆಳಗೆ ಗರ್ಭದ ಬಾಯಿಗೆ ಅಡ್ಡ ಬಂದಿದ್ರೆ, ಹೃದಯದ ತೊಂದ್ರೆ ಇದ್ರೆ. ಯಾರಿಗೆ ಬೇಡ ಅನ್ನೋದನ್ನ ಡಾಕ್ಟರು ಪರೀಕ್ಷೆ ಮಾಡಿ ಹೇಳ್ಬೇಕು. ನಿಮ್ಮ ಸೊಸೆಗೆ ಅಂಥದ್ದೇನೂ ಇಲ್ಲ. ಅವಳು ನಡೀಬೇಕು."

"ಅಯ್ಯೋ, ಹೊಟ್ಟೇಲಿರೋ ಮಗು ಅಲುಗಾಡಲ್ವಾ?"

"ಅದು ನೀರಿನ ಚೀಲದಲ್ಲಿ ಬೆಚ್ಚಗಿದೆ. ಗಾಜಿನ ಬೀರುವಿನ ಗೊಂಬೆ ಅಂದ್ಕೊಂಡ್ರಾ? ಹೋಗ್ಲಿ, ನೀವು ಹೊಸ ಅಳತೆಯ ಅಂಗಿಗೆ ನೇರವಾಗಿ ಮೆಷಿನ್ ಓಡಿಸ್ತೀರಾ?"

"ಎಲ್ಲಾದ್ರೂ ಇದೆಯಾ! ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ, ತೊಡಿಸಿ ನೋಡ್ತೀವಿ. ಆಮೇಲೆ ಮೆಷಿನ್ನು."

"ಇದೂ ಹಾಗೇ. ಮೊದಲು ದಿನಕ್ಕೆ ಹತ್ತೇ ನಿಮಿಷ ನಿಧಾನ ನಡಿಗೆ. ಮೈಗೆ ಒಗ್ಗಿದ ಮೇಲೆ ಹದಿನೈದು, ಇಪ್ಪತ್ತು. ವಾರದ ಹೆಚ್ಚಿನ ದಿನ ಅರ್ಧ ಗಂಟೆವರೆಗೂ ಹೋಗಬಹುದು. ಮೊದಲ ದಿನವೇ ಓಡೋದಲ್ಲ."

"ಜಾಸ್ತಿ ಆಯ್ತು ಅಂತ ಹೇಗೆ ಗೊತ್ತಾಗ್ಬೇಕು?"

"ನಡೀತಾ ನಡೀತಾ ಆರಾಮಾಗಿ ಮಾತಾಡೋಕೆ ಆದ್ರೆ ಸರಿ. ಮಾತು ಅರ್ಧಕ್ಕೆ ತುಂಡಾಗಿ ಏದುಸಿರು ಬಂದ್ರೆ ಜಾಸ್ತಿ ಆಯ್ತು ಅಂತ. ಆಗ ನಿಧಾನ ಮಾಡ್ಬೇಕು."

ಕತ್ತರಿ ಹಿಡಿದಿದ್ದ ಮಗ ಅಲ್ಲಿಂದಲೇ ಕೂಗಿದ. "ಅಮ್ಮಾ, ಮಾತಾಡೋ ಕೆಲಸ! ನಿನಗೆ ಹೇಳಿ ಮಾಡಿಸಿದ ಹಾಗಿದೆ!"

"ಮಾತಾಡ್ಬೇಕಾದ್ದು ಅತ್ತೆ ಅಲ್ಲ, ಸೊಸೆ" ಎಂದರು ನರ್ಸಮ್ಮ.

ಮರುದಿನ ಬಿಸಿಲೇರುವ ಮೊದಲೇ ಇಬ್ಬರೂ ಹೊರಟರು. ಸೊಸೆಯ ಕಾಲಿಗೆ ಜಾರದ ಚಪ್ಪಲಿ, ಗುಂಡಿಯಮ್ಮನ ಕೈಯಲ್ಲಿ ನೀರಿನ ಬಾಟ್ಲಿ. ಕ್ಷೌರದಂಗಡಿವರೆಗೂ ಗುಂಡಿಯಮ್ಮ ಒಬ್ಬಳೇ ಮಾತಾಡಿದಳು. ಆಮೇಲೆ ನೆನಪಾಗಿ ಗಕ್ಕನೆ ನಿಂತಳು.

"ನೀನು ಬಾಯಿ ಬಿಡದಿದ್ರೆ ನಿನ್ನ ಉಸಿರಿನ ಗತಿ ನನಗೆ ಹೇಗೆ ಗೊತ್ತಾಗ್ಬೇಕೇ? ಮಾತಾಡು!"

"ಏನು ಮಾತಾಡ್ಲಿ ಅತ್ತೆ?"

"ಏನಾದ್ರೂ. ನನ್ನನ್ನ ಬೈಯಿ ಬೇಕಾದ್ರೆ!"

ಸೊಸೆ ಫಕ್ಕನೆ ನಕ್ಕಳು. ಆ ನಗು ಕೇಳಿ ಎಷ್ಟು ದಿನವಾಗಿತ್ತೋ!

ಹೀಗೆ ಮಾತು ಶುರುವಾಯಿತು. ಮೊದಲು "ಹೂಂ", "ಊಹೂಂ". ಆಮೇಲೆ ತವರಿನ ಸುದ್ದಿ, ಗಂಡನ ಗೊರಕೆಯ ಸುದ್ದಿ. ಮಾತು ಬೆಳೆದಂತೆ ದಾರಿಯೂ ಬೆಳೆಯಿತು. ಕ್ಷೌರದಂಗಡಿ ದಾಟಿ ನೀರಿನ ಟ್ಯಾಂಕು, ಟ್ಯಾಂಕು ದಾಟಿ ಶಾಲೆಯ ಗೇಟು. ಮನೆಯಲ್ಲಿ ನರ್ಸಮ್ಮ ಕಲಿಸಿದಂತೆ ಗೋಡೆಗೆ ಅಂಗೈ ಊರಿ ತಳ್ಳುವುದು, ಗಟ್ಟಿ ಕುರ್ಚಿಯಿಂದ ಎದ್ದು ಕೂರುವುದು. ನಾಲ್ಕು ತಿಂಗಳು ದಾಟಿದ್ದರಿಂದ ಅಂಗಾತ ಮಲಗಿ ಮಾಡುವ ವ್ಯಾಯಾಮ ಬೇಡವೆಂದಿದ್ದರು. ಮೂರು ವಾರದಲ್ಲಿ ಸೊಂಟ ನೋವು ತಗ್ಗಿತು, ನಿದ್ದೆ ಬಂತು. ಗುಂಡಿಯಮ್ಮನ ಮಂಡಿ ಹಿಡಿತವೂ ಸಡಿಲಾಯಿತು, ಆದರೆ ಅದನ್ನು ಒಪ್ಪಿಕೊಳ್ಳಲು ಅವಳಿಗೆ ಬಿಗುಮಾನ.

ಒಂದು ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ ಪುಟ್ಟ ಹುಡುಗಿಯೊಬ್ಬಳು ಇವರೇ ಹೊಲಿದ ಯೂನಿಫಾರ್ಮ್ ಹಾಕಿಕೊಂಡು ಹೋದಳು. ಸೊಸೆ ನೋಡುತ್ತಾ ನಿಂತಳು. ಮಾತು ಅರ್ಧಕ್ಕೆ ತುಂಡಾಯಿತು.

ಗುಂಡಿಯಮ್ಮ ಬಾಟ್ಲಿಯ ಮುಚ್ಚಳ ತೆರೆದಳು. "ಏದುಸಿರಾ? ತಲೆ ಸುತ್ತಾ? ಕೂತ್ಕೋ, ನೀರು ಕುಡಿ!"

"ಉಸಿರಿಗೇನಾಗಿಲ್ಲ ಅತ್ತೆ." ಅವಳು ಕಲ್ಲುಬೆಂಚಿನ ಮೇಲೆ ಕೂತಳು. "ಆವತ್ತು ಮಗು ಹೋಗಿದ್ದು ನನ್ನಿಂದ್ಲೇ. ಶಾಲೆ ಶುರುವಾಗುತ್ತೆ ಅಂತ ದಿನವಿಡೀ ಪೆಡಲ್ ತುಳಿದೆ. ಈ ಸಲ ನೀವು ಬೆಲ್ಟು ಬಿಚ್ಚಿದಾಗ, ಅತ್ತೆಗೆ ಎಲ್ಲ ಗೊತ್ತಿದೆ, ನನಗೆ ಶಿಕ್ಷೆ ಕೊಡ್ತಿದಾರೆ ಅಂದ್ಕೊಂಡೆ."

ಗುಂಡಿಯಮ್ಮ ಸೊಸೆಯ ಕೈ ಹಿಡಿದು ಪಕ್ಕದಲ್ಲೇ ಕೂತಳು.

"ನಿನಗಲ್ಲ ಕಣೇ ಶಿಕ್ಷೆ" ಎಂದಳು. "ಗಂಟು ಹೊರಿಸಿದ್ದು ನಾನು. ನನ್ನಿಂದ್ಲೇ ಹೋಯ್ತು ಅಂತ ಎರಡು ವರ್ಷದಿಂದ ಒಳಗೊಳಗೇ ಬೇಯ್ತಿದೀನಿ."

ಇಬ್ಬರೂ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ನೇರ ಆರೋಗ್ಯ ಕೇಂದ್ರಕ್ಕೆ ಹೋದರು. ಗುಂಡಿಯಮ್ಮ ಬಾಗಿಲಲ್ಲೇ ಪೆಡಲ್ಲಿನ ಮಾತು, ಗಂಟಿನ ಮಾತು ಎರಡನ್ನೂ ಹೇಳಿ ಕೇಳಿದಳು. "ನರ್ಸಮ್ಮಾ, ನಿಜ ಹೇಳಿ. ಆವತ್ತಿನ ತಪ್ಪು ಯಾರದು?"

ನರ್ಸಮ್ಮ ಎದ್ದು ಬಂದು ಇಬ್ಬರನ್ನೂ ಕೂರಿಸಿದರು. ಎರಡು ವರ್ಷದ ಹಿಂದಿನ ಕಾಗದಗಳನ್ನು ಕಪಾಟಿನಿಂದ ತೆಗೆದು ಓದಿದರು.

"ಮೊದಲ ಮೂರು ತಿಂಗಳಲ್ಲಿ ಹೀಗಾದ್ರೆ, ಹೆಚ್ಚಿನ ಸಲ ಪಿಂಡ ಮೊದಲಿಂದ್ಲೇ ಸರಿಯಾಗಿ ಬೆಳೆದಿರಲ್ಲ. ಪೆಡಲ್ ತುಳಿದಿದ್ದಕ್ಕಲ್ಲ. ಒಂದು ಗಂಟು ಹೊತ್ತಿದ್ದಕ್ಕೂ ಅಲ್ಲ. ಅವಳ ತಪ್ಪೂ ಅಲ್ಲಮ್ಮ, ನಿಮ್ಮ ತಪ್ಪೂ ಅಲ್ಲ. ಎರಡು ವರ್ಷ ಇದನ್ನ ಯಾಕೆ ಕೇಳ್ಲಿಲ್ಲ?"

ಗುಂಡಿಯಮ್ಮ ನರ್ಸಮ್ಮನ ಎರಡೂ ಕೈ ತನ್ನ ಕಣ್ಣಿಗೊತ್ತಿಕೊಂಡಳು. "ನಿಮ್ಮ ಹೊಟ್ಟೆ ತಣ್ಣಗಿರಲಿ ತಾಯಿ" ಎಂದಳು. ಅಷ್ಟು ಹಗುರಾಗಿ ಅವಳು ಎಂದೂ ಮನೆಗೆ ನಡೆದು ಬಂದಿರಲಿಲ್ಲ.

ಆ ಸಂಜೆ ದಿಂಬಿನ ಕೆಳಗಿನ ಬೆಲ್ಟು ತೆಗೆದು ತಾನೇ ಮೆಷಿನ್ನಿಗೆ ಹಾಕಿದಳು. "ಬೇಕಾದಷ್ಟೇ ಹೊಲಿ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕು. ಭಾರದ ಗಂಟು ಮುಟ್ಟಬೇಡ, ಅದಕ್ಕೆ ನಿನ್ನ ಗಂಡ ಇದಾನೆ."

ದಿನ ತುಂಬಿ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಕ್ಷೇಮ. "ನಡೆದಿದ್ದಕ್ಕೇ ಸುಖವಾಗಿ ಹೆರಿಗೆ ಆಯ್ತು" ಎಂದು ಗುಂಡಿಯಮ್ಮ ಬೀದಿಗೆಲ್ಲ ಸಾರಹೊರಟಾಗ ನರ್ಸಮ್ಮ ತಡೆದರು. "ಹಾಗೆ ಗ್ಯಾರಂಟಿ ಕೊಡೋಕಾಗಲ್ಲಮ್ಮ. ಆದ್ರೆ ಮೈಗೂ ಮನಸ್ಸಿಗೂ ಬಲ ಬಂತು ಅಂತ ಹೇಳಿ, ಅದು ನಿಜ."

"ನನಗೆ ಅಷ್ಟೇ ಸಾಕು" ಎಂದಳು ಗುಂಡಿಯಮ್ಮ. "ಒಂದು ಮೊಮ್ಮಗು ಕೇಳ್ದೆ. ಜೊತೆಗೆ ನೀವು ನನಗೊಬ್ಬ ಮಗಳನ್ನೂ ಕೊಟ್ರಿ. ಈಗ ಅವಳ ಮಾತಿನ ಮಧ್ಯೆ ನನಗೆ ಬಾಯಿ ತೆರೆಯೋಕೂ ಜಾಗ ಇಲ್ಲ!"

ಅಕ್ಕಂದಿರೇ, ಅಮ್ಮಂದಿರೇ, ನಿಮ್ಮ ಮನೆಯಲ್ಲೂ ಬಸುರಿ ಇದ್ದಾಳೆಯೇ? ಹಾಗಾದರೆ ಅವಳನ್ನು ಮಂಚಕ್ಕೆ ಕಟ್ಟಿಹಾಕುವ ಮುನ್ನ ಡಾಕ್ಟರನ್ನೋ ನರ್ಸನ್ನೋ ಒಂದು ಮಾತು ಕೇಳಿ. ಅವರು ಸರಿ ಎಂದರೆ ಹತ್ತು ನಿಮಿಷದಿಂದ ಶುರುಮಾಡಿ. ರಕ್ತ ಕಂಡರೆ, ನೀರು ಹೋದರೆ, ತಲೆ ಸುತ್ತಿದರೆ, ಜೋರು ತಲೆನೋವು ಬಂದರೆ, ಎದೆ ನೋವು ಅಥವಾ ಬಿಟ್ಟುಬಿಟ್ಟು ಹೊಟ್ಟೆನೋವು ಬಂದರೆ, ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ ಅನ್ನಬೇಡಿ.

ಮತ್ತೆ, ಅವಳನ್ನು ಒಬ್ಬಳನ್ನೇ ಕಳಿಸಬೇಡಿ. ನೀವೂ ಚಪ್ಪಲಿ ಮೆಟ್ಟಿ ಜೊತೆಗೆ ನಡೆಯಿರಿ. ಅವಳು ಮಾತಾಡಲಿ, ನೀವು ಕೇಳಿಸಿಕೊಳ್ಳಿ.