ಆವಿ ಕಾಣಬೇಕು

ಬೆರಳ ತುದಿಯ ಹೊಸ ಚರ್ಮ ನವೆಯಾಗುತ್ತಿದೆ, ಕೆರೆದುಕೊಳ್ಳಬಾರದು, ಸನ್ಮಾನದ ಸಭೆ ನೋಡುತ್ತಿದೆ, ಪರದೆಯ ಮೇಲೆ ನಾನೇ ಗೋಡೆಯಷ್ಟು ದೊಡ್ಡದಾಗಿ ಮಂಡಿಯೂರಿದ್ದೇನೆ, ಕೈಯಲ್ಲಿ ರೋಗಿ ಅಜ್ಜಿಯೊಬ್ಬಳ ಪಾದ, ಬೋಗುಣಿಯಿಂದ ಆವಿ — ನಮ್ಮ ಸೇವಾಶ್ರಮದ ದೊಡ್ಡ ಸಿಸ್ಟರ್, ಇಪ್ಪತ್ತೈದು ವರ್ಷ ರೋಗಿಗಳ ಕಾಲು ತೊಳೆದವರು, ಎಂಥ ದೀನತೆ ನೋಡಿ, ಎನ್ನುತ್ತಿದ್ದಾರೆ ಪಾದ್ರಿಗಳು, ತಲೆ ತಗ್ಗಿಸಿದೆ, ಎಷ್ಟು ತಗ್ಗಿಸಿದರೆ ಚೆನ್ನಾಗಿ ಕಾಣುತ್ತದೆಂದು ನನಗೆ ಗೊತ್ತು. ಆವಿ ಕಾಣಬೇಕು ಸಿಸ್ಟರ್, ಹೀಗೆ ಸಪ್ಪೆ ಅನ್ಸುತ್ತೆ, ಅಂದಿದ್ದ ಫೋಟೋದವನು, ತಿಂಗಳ ಹಿಂದೆ, ಗ್ಲೌಸ್ ಬೇಡ, ಬರಿಗೈ ಇದ್ರೆ ಮನಸ್ಸಿಗೆ ತಟ್ಟುತ್ತೆ, ನಾನೇ ಹೋಗಿ ಕುದಿಯುವ ಕೆಟಲ್ ತಂದು ಸುರಿದೆ, ಸಕ್ಕರೆ ಕಾಯಿಲೆಯವರ ಕಾಲಿಗೆ ಬಿಸಿ ತಿಳಿಯುವುದಿಲ್ಲ, ಮೊದಲು ನಿಮ್ಮ ಮೊಣಕೈ ಅದ್ದಿ ನೋಡಿ ಎಂದು ಹೊಸ ನರ್ಸುಗಳಿಗೆ ಗಿಣಿಗೆ ಹೇಳಿದಂತೆ ಹೇಳುವವಳು ನಾನು, ಮೊಣಕೈ ಯಾಕೆ, ಬೆರಳೇ ಬೆಂದು ಹೇಳುತ್ತಿತ್ತು, ಆದರೂ ಹಿಡಿದೆ, ಒತ್ತಿ ಹಿಡಿದೆ, ಸ್ವಾಮಿಗಾಗಿ ಸಹಿಸುತ್ತಿದ್ದೇನೆ ಅಂದುಕೊಂಡೆ, ಥೂ, ಇನ್ನೊಂದು ಫೋಟೋ ಸಿಸ್ಟರ್, ಸ್ವಲ್ಪ ನಗಿ, ಇನ್ನೊಂದು. ಅಜ್ಜಿಯೂ ನಗುತ್ತಿದ್ದಳು, ನನ್ನ ಮುಖ ಬಂತೇನಪ್ಪಾ, ಇಲ್ಲಜ್ಜಿ, ಕಾಲು ಮಾತ್ರ. ಟವೆಲಿನಲ್ಲಿ ಒರೆಸಿದಾಗ ಚರ್ಮ ಕಾಲುಚೀಲದಂತೆ ಕಳಚಿ ಬಂತು. ಹತ್ತನೇ ದಿನ ಕಾಲು ಕತ್ತರಿಸಿದರು, ಸಕ್ಕರೆ ಕಾಯಿಲೆ, ಹೇಗೂ ಹೋಗುತ್ತಿತ್ತು ಎಂದು ವರದಿಯಲ್ಲಿ ಬರೆದು ಸಹಿ ಹಾಕಿದೆ, ಅಕ್ಷರ ಮಾತ್ರ ಮುತ್ತಿನಂತೆ.

ಅಮ್ಮ ಸಾಯುವಾಗ — ಈಗ್ಯಾಕೆ ಅಮ್ಮ — ಆಸ್ಪತ್ರೆಯ ವರಾಂಡದ ನೆಲ, ನನಗೆ ಹದಿನೆಂಟು, ಅವಳ ಮೈ ನಾತಕ್ಕೆ ಅಕ್ಕಪಕ್ಕದವರು ಮೂಗು ಮುಚ್ಚಿದ್ದರು, ನಾನೂ ಮುಚ್ಚಿದ್ದೆ, ಯಾರೋ ಹೆಂಗಸು ಬಂದು ತೊಳೆದಳು, ಒರೆಸಿದಳು, ಬಟ್ಟೆ ಬದಲಿಸಿದಳು, ಯಾರಮ್ಮಾ ನೀವು ಅಂದರೆ, ಯಾರಾದ್ರೇನು, ಬೆನ್ನು ಹಿಡ್ಕೋ, ಅವಳ ಕುತ್ತಿಗೆಯಲ್ಲೊಂದು ಮರದ ಶಿಲುಬೆ, ತಿರುಗಿ ನೋಡುವಷ್ಟರಲ್ಲಿ ಹೊರಟುಹೋಗಿದ್ದಳು, ಅವಳಂತಾಗಬೇಕೆಂದೇ ಬಂದವಳಲ್ಲವೇ ನಾನು, ಎಲ್ಲಿ ಜಾರಿತು, ಯಾವ ಹಾರದ ಹೊತ್ತಿಗೆ — ಎರಡು ಮಾತಾಡಿ ಸಿಸ್ಟರ್, ಮೈಕು ಕೈಗೆ ಬಂತು, ಆ ನೀರು ಕಾಯಿಸಿದ್ದು ನಾನೇ, ಅಂದೆ, ಅಂದೇಬಿಟ್ಟೆ, ಕೇಳಿದ್ರಾ, ನೀರೂ ತಾವೇ ಕಾಯಿಸ್ತಾರಂತೆ, ಎಂದರು ಪಾದ್ರಿಗಳು ಗದ್ಗದರಾಗಿ, ಚಪ್ಪಾಳೆ, ಎಲ್ಲರೂ ಎದ್ದು ನಿಂತರು, ಅಲ್ಲ, ಕೇಳಿ, ಅಜ್ಜಿಯ ಕಾಲು ಸುಟ್ಟದ್ದು — ಬಾಯಿ ತೆರೆದಿದೆ, ಒಂದೇ ಒಂದು ಮಾತು ಸಾಕು, ಬರುವುದಿಲ್ಲ, ಹಿತವಾಗಿದೆ ದೇವರೇ ಈ ಸದ್ದು, ಮೊದಲ ಸಾಲಿನಲ್ಲಿ ಗಾಲಿಕುರ್ಚಿ, ಏಳಲಾಗದವಳು ಅವಳೊಬ್ಬಳೇ, ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದಾಳೆ, ಆ ಎರಡು ಕೈ, ಸುಕ್ಕುಗಟ್ಟಿದ ಆ ಎರಡು ಕೈ, ಆ ಎರಡು ಕೈ